ಆಟದ ರೈಲು ತಂದ ತೀರ್ಪು

ಮಾದರಿ ರೈಲು ಎಂದೊಡನೆ ನಮ್ಮಲ್ಲಿ ಅನೇಕರಿಗೆ ಕೀಲಿ ಕೊಟ್ಟರೆ ಸುತ್ತುವ ತಗಡಿನ ಬಂಡಿ ನೆನಪಾಗುವುದು ಸಹಜ. ಯೂರೋಪು, ಅಮೆರಿಕಗಳಲ್ಲಾದರೋ ಅದು ವಯಸ್ಕರ ಗಂಭೀರ ಹವ್ಯಾಸ. ನಿಜವಾದ ರೈಲಿನ 87ನೆಯ ಒಂದು ಭಾಗದ ಅಳತೆಯಲ್ಲಿ ಹಳಿ, ನಿಲ್ದಾಣ, ಸೇತುವೆ, ಸುರಂಗಗಳನ್ನು ಹಲಗೆಯ ಮೇಲೆ ಕಟ್ಟಿ, ವೇಳಾಪಟ್ಟಿಗೆ ತಕ್ಕಂತೆ ರೈಲು ಓಡಿಸುವವರು ಅಲ್ಲಿದ್ದಾರೆ. ಈ ಹವ್ಯಾಸದ ನಡುವಿನಿಂದಲೇ ಗಣಕಲೋಕಕ್ಕೆ ಬೇಕಾದ ಒಂದು ಮಹತ್ವದ ತೀರ್ಪು ಹೊರಬಂದ ಕಥೆ ನಮ್ಮಲ್ಲಿ ಹೆಚ್ಚು ಪರಿಚಿತವಲ್ಲ.

ಹಳೆಯ ಪದ್ಧತಿಯಲ್ಲಿ ಎಂಜಿನ್ನಿನ ವೇಗ ಹಳಿಗೆ ಹರಿಸುವ ವಿದ್ಯುತ್ತಿನಿಂದಲೇ ನಿರ್ಧಾರವಾಗುತ್ತಿತ್ತು. ವೋಲ್ಟೇಜು ಏರಿಸಿದರೆ ಹಳಿಯ ಮೇಲಿನ ಎಂಜಿನ್ನುಗಳೆಲ್ಲವೂ ಒಟ್ಟಿಗೆ ಓಡುತ್ತಿದ್ದವು. ಧ್ರುವ ಬದಲಿಸಿದರೆ ಎಲ್ಲವೂ ದಿಕ್ಕು ಬದಲಿಸುತ್ತಿದ್ದವು. ಎರಡು ರೈಲುಗಳನ್ನು ಬೇರೆ ಬೇರೆಯಾಗಿ ನಡೆಸಬೇಕಾದರೆ ಹಳಿಯನ್ನು ತುಂಡುತುಂಡಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ತಂತಿ ಎಳೆದು, ಸ್ವಿಚ್ಚು ಜೋಡಿಸಬೇಕಿತ್ತು. ರೈಲು ಓಡಿಸುವವನ ಕಣ್ಣು ರೈಲಿಗಿಂತ ಹೆಚ್ಚಾಗಿ ಸ್ವಿಚ್ಚುಗಳ ಮೇಲೆಯೇ ಇರುತ್ತಿತ್ತು.

ಡಿಜಿಟಲ್ ಪದ್ಧತಿ ಇದನ್ನು ತಲೆಕೆಳಗು ಮಾಡಿತು. ಇಲ್ಲಿ ಹಳಿಯಲ್ಲಿ ಸದಾ ಪೂರ್ಣ ವಿದ್ಯುತ್ತು ಇರುತ್ತದೆ. ಪ್ರತಿ ಎಂಜಿನ್ನಿನ ಒಡಲಲ್ಲೂ ಡಿಕೋಡರ್ ಎಂಬ ಪುಟ್ಟ ಸಾಧನವಿದ್ದು, ಅದಕ್ಕೊಂದು ಸಂಖ್ಯೆ ಇರುತ್ತದೆ. ಆಜ್ಞೆಯೂ ಅದೇ ಹಳಿಯ ಮೂಲಕ ಬರುತ್ತದೆ. ಮೇಷ್ಟರು ಹಾಜರಿ ಕೂಗುವಾಗ ಇಡೀ ತರಗತಿ ಕೇಳಿಸಿಕೊಂಡರೂ ಕರೆಸಿಕೊಂಡವನು ಮಾತ್ರ ಉತ್ತರಿಸುವಂತೆ, ಸಂದೇಶ ಎಲ್ಲ ಎಂಜಿನ್ನುಗಳಿಗೂ ತಲುಪಿದರೂ ಆ ಸಂಖ್ಯೆಯದು ಮಾತ್ರ ಪಾಲಿಸುತ್ತದೆ. ವಿದ್ಯುತ್ತಿನ ಧ್ರುವ 58 ಮೈಕ್ರೋಸೆಕೆಂಡಿಗೊಮ್ಮೆ ಬದಲಾದರೆ ಅದು 'ಒಂದು'. ಸುಮಾರು 100 ಮೈಕ್ರೋಸೆಕೆಂಡಿಗೊಮ್ಮೆ ಬದಲಾದರೆ 'ಸೊನ್ನೆ'. ಸಂದೇಶದ ಕೊನೆಯಲ್ಲಿ ತಾಳೆ ನೋಡಲು ಒಂದು ಅಂಕಿ ಇರುತ್ತದೆ. ತಾಳೆಯಾಗದಿದ್ದರೆ ಡಿಕೋಡರ್ ಆ ಆಜ್ಞೆಯನ್ನು ಕೈಬಿಡುತ್ತದೆ. ಚಕ್ರಕ್ಕೆ ಧೂಳು ಮೆತ್ತಿ ಒಂದು ಸಂದೇಶ ತಪ್ಪಿಹೋದರೂ ಚಿಂತೆಯಿಲ್ಲ, ಅದನ್ನು ಮತ್ತೆ ಮತ್ತೆ ಕಳಿಸಲಾಗುತ್ತದೆ.

ಆದರೆ ಆರಂಭದಲ್ಲಿ ಪ್ರತಿ ಕಂಪನಿಗೂ ತನ್ನದೇ ಭಾಷೆ. ಬ್ರಿಟನ್ನಿನ ಹಾರ್ನ್‌ಬಿ ಕಂಪನಿ 1979ರಲ್ಲಿ 16 ಎಂಜಿನ್ನುಗಳನ್ನು ನಡೆಸಬಲ್ಲ 'ಝೀರೋ 1' ವ್ಯವಸ್ಥೆಯನ್ನು ತಂದಿತು. ಜರ್ಮನಿಯ ಮೆರ್ಕ್ಲಿನ್ 1980ರ ದಶಕದ ಮಧ್ಯದಲ್ಲಿ 80 ಸಂಖ್ಯೆಗಳ ವ್ಯವಸ್ಥೆಯನ್ನು ತಂದಿತು. ಒಂದರ ಆಜ್ಞೆ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಕಂಪನಿ ತಯಾರಿಕೆ ನಿಲ್ಲಿಸಿದರೆ ಕೊಂಡವನು ನಡುನೀರಿನಲ್ಲಿ. ಕೊನೆಗೆ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು, ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ್ದ ವಿಧಾನವನ್ನು ಆಧಾರವಾಗಿಟ್ಟುಕೊಂಡು, ಯಾವ ತಯಾರಕನಾದರೂ ಅನುಸರಿಸಬಹುದಾದ ಮಾನದಂಡವನ್ನು 1994ರಲ್ಲಿ ಅಂಗೀಕರಿಸಿತು. ಇದಕ್ಕೆ ಡಿಸಿಸಿ ಎಂದು ಹೆಸರು. ಒಬ್ಬರ ಎಂಜಿನ್ನು ಇನ್ನೊಬ್ಬರ ನಿಯಂತ್ರಕದ ಮಾತು ಕೇಳತೊಡಗಿತು.

ಭಾಷೆ ಸಾರ್ವಜನಿಕವಾದ ಮೇಲೆ ಅದರಲ್ಲಿ ಕೆಲಸ ಮಾಡುವ ಸ್ವಯಂಸೇವಕರೂ ಹುಟ್ಟಿಕೊಂಡರು. ಪ್ರತಿ ಡಿಕೋಡರಿನಲ್ಲೂ ವೇಗ, ದೀಪ, ಶಬ್ದಗಳನ್ನು ಹೊಂದಿಸುವ ಹತ್ತಾರು ಅಂಕಿಗಳಿರುತ್ತವೆ. ಅವುಗಳನ್ನು ನೆನಪಿಡುವುದು ಕಷ್ಟ. ಅವನ್ನೆಲ್ಲ ಗಣಕದ ಪರದೆಯ ಮೇಲೆ ಹೆಸರಿನೊಡನೆ ತೋರಿಸುವ ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶವನ್ನು ಭೌತಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಜೇಕಬ್‌ಸನ್ ಮತ್ತು ಸಂಗಡಿಗರು ಬೆಳೆಸಿದರು. ಷರತ್ತು ಇಷ್ಟೇ: ಬಳಸಿ, ಬದಲಿಸಿ, ಹಂಚಿ, ಆದರೆ ಬರೆದವರ ಹೆಸರನ್ನು ಉಳಿಸಿ, ಬದಲಾವಣೆಯನ್ನು ತಿಳಿಸಿ.

ಇದೇ ಕ್ಷೇತ್ರದಲ್ಲಿ ತಂತ್ರಾಂಶ ಮಾರುತ್ತಿದ್ದ ಮ್ಯಾಥ್ಯೂ ಕಾಟ್ಜರ್ ಎಂಬವರ ಕಂಪನಿ, ತನ್ನ ಪೇಟೆಂಟ್ ಉಲ್ಲಂಘನೆಯಾಗಿದೆಯೆಂದು ಜೇಕಬ್‌ಸನ್ನರಿಂದ ಎರಡು ಲಕ್ಷ ಡಾಲರಿಗೂ ಹೆಚ್ಚಿನ ಮೊತ್ತ ಕೇಳಿತು. ಜೇಕಬ್‌ಸನ್ 2006ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಜೆಎಂಆರ್‌ಐ ಕಡತಗಳ ಭಾಗಗಳು, ಬರೆದವರ ಹೆಸರನ್ನು ಕಳಚಿಕೊಂಡು, ಪ್ರತಿವಾದಿಯ ತಂತ್ರಾಂಶದೊಳಗೆ ಸೇರಿದ್ದವೆಂಬ ಆರೋಪವೂ ಕೂಡಿಕೊಂಡಿತು. ಉಚಿತವಾಗಿ ಕೊಟ್ಟಿದ್ದರ ಷರತ್ತು ಮುರಿದರೆ ಅದು ಹೆಚ್ಚೆಂದರೆ ಒಪ್ಪಂದದ ಭಂಗ, ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಎಂಬ ನಿಲುವಿನಿಂದ ಕೆಳ ನ್ಯಾಯಾಲಯ 2007ರಲ್ಲಿ ತಡೆಯಾಜ್ಞೆ ನಿರಾಕರಿಸಿತು.

ಮೇಲ್ಮನವಿಯಲ್ಲಿ ವಿಕಿಮೀಡಿಯಾ ಪ್ರತಿಷ್ಠಾನ, ಕ್ರಿಯೇಟಿವ್ ಕಾಮನ್ಸ್ ಮೊದಲಾದ ಸಂಸ್ಥೆಗಳು ಜೇಕಬ್‌ಸನ್ನರ ಪರ ಅಭಿಪ್ರಾಯ ಸಲ್ಲಿಸಿದವು. 2008ರ ಆಗಸ್ಟ್ 13ರಂದು ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಹಣ ಕೈಬದಲಾಗದ ಮಾತ್ರಕ್ಕೆ ಕೃತಿಕಾರನಿಗೆ ಲಾಭನಷ್ಟವೇ ಇಲ್ಲವೆಂದು ತಿಳಿಯಬಾರದು. ಇಂತಹ ಷರತ್ತುಗಳು ಹಕ್ಕುಸ್ವಾಮ್ಯ ಕಾಯಿದೆಯಡಿ ಜಾರಿಗೆ ಅರ್ಹ ಎಂಬುದು ತೀರ್ಪಿನ ಸಾರ. 2010ರಲ್ಲಿ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು.

ಇದು ಹವ್ಯಾಸಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕನ್ನಡ ವಿಕಿಪೀಡಿಯಾದಲ್ಲಿ ಸಂಭಾವನೆ ಬಯಸದೆ ಬರೆಯುವವರ ಲೇಖನಗಳೂ ಇಂತಹ ಷರತ್ತಿನ ಮೇಲೆಯೇ ಲೋಕಕ್ಕೆ ಅರ್ಪಿತವಾಗಿವೆ. ದಾನ ಕೊಟ್ಟವನಿಗೆ ಹಣ ಬೇಡವೆಂದರೆ ಹೆಸರೂ ಬೇಡವೆಂದು ಅರ್ಥವಲ್ಲ. ಬೇರೆಯವರ ಪ್ರಬಂಧವನ್ನು ನಕಲು ಮಾಡಿ ತನ್ನ ಹೆಸರು ಬರೆದು ಕೊಡುವ ಹುಡುಗನಿಗೆ ನಾವು ಶಾಲೆಯಲ್ಲಿ ಹೇಳುತ್ತಿದ್ದುದೂ ಇದನ್ನೇ.