ಇಂಟರ್ನಲ್ಸ್‌ನಲ್ಲಿ 50ಕ್ಕೆ 31 ಬಂತು. ಹಾಗಂದ್ರೆ ಯಾವ ಗ್ರೇಡು?

ಇಷ್ಟರಿಂದಲೇ ಹೇಳೋಕಾಗಲ್ಲ. ತರಗತಿಯಲ್ಲಿ ಉಳಿದವರಿಗೆ ಎಷ್ಟು ಬಂತು, ಗ್ರೇಡು ಕೊಡುವ ವಿಧಾನ ಯಾವುದು, ಇವೆರಡೂ ಗೊತ್ತಿರಬೇಕು. ನಾನು ಇಂಜಿನಿಯರಿಂಗ್ ಓದುವಾಗ ಯೂನಿಟ್ ಬರೆಯದ ರೀಡಿಂಗಿಗೆ ಲ್ಯಾಬಿನಲ್ಲಿ ಅಂಕ ಕತ್ತರಿಸುತ್ತಿದ್ದರು. ತರಗತಿಯ ಅಂಕಗಳ ಹರಡಿಕೆ ತಿಳಿಸದೆ ಕೊಟ್ಟ ಅಂಕವೂ ಯೂನಿಟ್ ಇಲ್ಲದ ರೀಡಿಂಗೇ.

ಎರಡು ವಿಧಾನ

ಯುಜಿಸಿಯ ಸಿಬಿಸಿಎಸ್ ಮಾರ್ಗಸೂಚಿಯಲ್ಲಿ ಗ್ರೇಡುಗಳು ಹೀಗಿವೆ: ಓ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್ 0. ಅಂಕವನ್ನು ಅಕ್ಷರವಾಗಿಸಲು ಅದು ಎರಡು ದಾರಿಗಳನ್ನು ಒಪ್ಪುತ್ತದೆ. ನಿರಪೇಕ್ಷ ವಿಧಾನದಲ್ಲಿ ಗೆರೆಗಳನ್ನು ಮೊದಲೇ ಎಳೆದಿರುತ್ತಾರೆ. ಸಾಪೇಕ್ಷ ವಿಧಾನದಲ್ಲಿ ಇಡೀ ತರಗತಿಯ ಅಂಕಗಳನ್ನು ನೋಡಿ ಆಮೇಲೆ ಗೆರೆ ಎಳೆಯುತ್ತಾರೆ.

ಲೆಕ್ಕ ಹೀಗೆ

ಎರಡು ತರಗತಿ ಊಹಿಸಿಕೊಳ್ಳಿ. ಎರಡರಲ್ಲೂ ಸರಾಸರಿ 25. ಮೊದಲನೆಯದರ ಮಾನಕ ವಿಚಲನೆ 3, ಎರಡನೆಯದರದ್ದು 8. ಅಂಕಗಳು ಗಂಟೆಯಾಕಾರದಲ್ಲಿ ಹರಡಿದ್ದರೆ, ಮೊದಲ ತರಗತಿಯಲ್ಲಿ 31 ತೆಗೆದವರು ಸುಮಾರು 98% ಮಂದಿಗಿಂತ ಮುಂದೆ. ಎರಡನೆಯದರಲ್ಲಿ ಸುಮಾರು 77% ಮಂದಿಗಿಂತ ಮಾತ್ರ. ಅಂಕ ಒಂದೇ, ಸ್ಥಾನ ಬೇರೆ. ನಿರಪೇಕ್ಷ ವಿಧಾನದಲ್ಲಾದರೆ ಎರಡೂ ಕಡೆ ಅದು 62%, ಅಷ್ಟೇ.

ಆದರೆ ಎಲ್ಲ ತರಗತಿಯೂ ಗಂಟೆಯಾಕಾರಕ್ಕೆ ಬಗ್ಗುವುದಿಲ್ಲ. ಹದಿನೈದು ಜನರ ಎಲೆಕ್ಟಿವ್‌ನಲ್ಲಿ ಒಬ್ಬರ ಅಂಕವೇ ಸರಾಸರಿಯನ್ನು ಎಳೆದಾಡುತ್ತದೆ. ಕೆಲವೊಮ್ಮೆ ಅಂಕಗಳು ಎರಡು ಗುಂಪಾಗಿ ಒಡೆದಿರುತ್ತವೆ: ಅರ್ಥವಾದವರು, ಆಗದವರು. ಅದು ಪಾಠದ ಬಗ್ಗೆಯೇ ಏನೋ ಹೇಳ್ತಿದೆ. ಅದಕ್ಕೇ ಸರಾಸರಿಯ ಜೊತೆ ಮಧ್ಯಾಂಕವನ್ನೂ ಕೇಳಬೇಕು.

'ಅಂದಾಜು' ಅನ್ನೋದು ಯಾಕೆ?

ಸೆಮಿಸ್ಟರ್ ನಡುವೆ ಹೇಳುವ ಅಕ್ಷರ ಬರೀ ಮುನ್ಸೂಚನೆ. ವಿಟಿಯುನ 2022ರ ಸ್ಕೀಮಿನಲ್ಲಿ ಥಿಯರಿ ವಿಷಯಗಳಿಗೆ ಇಂಟರ್ನಲ್ಸ್ 50, ಕೊನೆಯ ಪರೀಕ್ಷೆ 50. ಇಂಟರ್ನಲ್ಸ್‌ನ ಒಟ್ಟು ಅಂಕವೇ 31 ಅಂತಿಟ್ಟುಕೊಳ್ಳಿ. ಕೊನೆಯಲ್ಲಿ 20 ಬಂದರೆ ಮೊತ್ತ 51, 40 ಬಂದರೆ 71.

ಕೇಳಬೇಕಾದ್ದು

ಕ್ಯಾಂಪಸ್ಸಿಗೆ ಬರುವ ಅನೇಕ ಕಂಪನಿಗಳು ಸಿಜಿಪಿಎ ನೋಡಿಯೇ ಒಳಗೆ ಬಿಡುತ್ತವೆ. ಗೆರೆ ಎಲ್ಲಿ ಬಿತ್ತು ಅನ್ನೋದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಮೌಲ್ಯಮಾಪನವಾದ ತಮ್ಮ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ನೋಡುವ ಹಕ್ಕು ಪರೀಕ್ಷೆ ಬರೆದವರಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನನ್ನ ಪ್ರಕಾರ ಮುಂದಿನ ಹೆಜ್ಜೆ ಇದು: ಪ್ರತಿ ಪರೀಕ್ಷೆಯ ನಂತರ ಹೆಸರುಗಳಿಲ್ಲದ ಅಂಕಗಳ ಹರಡಿಕೆ, ಸರಾಸರಿ, ಮಧ್ಯಾಂಕ, ಗ್ರೇಡಿನ ಗೆರೆಗಳು ನೋಟಿಸ್ ಬೋರ್ಡಿಗೆ ಬರಬೇಕು. ಇದಕ್ಕೆ ಬೇಕಾಗಿರೋದು ಒಂದು ಎಕ್ಸೆಲ್ ಹಾಳೆ, ಹತ್ತು ನಿಮಿಷ. ಮುಂದಿನ ಇಂಟರ್ನಲ್ಸ್ ಮುಗಿದ ಮೇಲೆ ನಿಮ್ಮ ಕ್ಲಾಸ್ ರೆಪ್ ಮೊದಲು ಕೇಳಬೇಕಾದ್ದು ಇದನ್ನೇ.