ಹಿಮಾಲಯಕ್ಕೆ ಒಗ್ಗಿದ ಹೆಲಿಕಾಪ್ಟರ್: ಚೇತಕ್ ಮತ್ತು ಚೀತಾಗಳ ಚರಿತ್ರೆ

ಭಾರತೀಯ ವಾಯುಪಡೆಗೆ ಹೆಲಿಕಾಪ್ಟರ್ ಬಂದದ್ದು 1954ರಲ್ಲಿ. ಅಮೆರಿಕದ ಸಿಕೋರ್ಸ್ಕಿ ಎಸ್-55 ಎಂಬ ಆ ಯಂತ್ರ ಪ್ರವಾಹದಲ್ಲಿ ಸಿಕ್ಕಿಕೊಂಡವರ ನೆರವಿಗೆ ಒದಗಿತಾದರೂ ಅದರ ಪಿಸ್ಟನ್ ಎಂಜಿನ್ ದೊಡ್ಡ ಬೆಟ್ಟಗಳಿಗೆ ಸಾಲುತ್ತಿರಲಿಲ್ಲ. ಲಡಾಖ್‌ನಲ್ಲೂ ಆಗ ನೇಫಾ ಎನಿಸಿಕೊಂಡಿದ್ದ ಇಂದಿನ ಅರುಣಾಚಲದಲ್ಲೂ ಎಷ್ಟೋ ಗಡಿಠಾಣೆಗಳಿಗೆ ರಸ್ತೆಯೇ ಇರಲಿಲ್ಲ. ಸೋವಿಯತ್ ಒಕ್ಕೂಟದ ಎಂಐ-4 ಮತ್ತು ಪುಟ್ಟ ಬೆಲ್-47 ಯಂತ್ರಗಳು ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದವು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಚೀನಾ ದಾಳಿ ಆರಂಭವಾದ 1962ರ ಅಕ್ಟೋಬರ್ 20ರಂದು ತ್ಸಾಂಗ್‌ಧಾರ್ ಎಂಬ ಎತ್ತರದ ನೆಲೆಗೆ ಬೆಲ್ ಹೆಲಿಕಾಪ್ಟರ್ ಹಾರಿಸಿಕೊಂಡು ಹೋದ ಸ್ಕ್ವಾಡ್ರನ್ ಲೀಡರ್ ವಿನೋದ್ ಸೆಹಗಲ್ ಮರಳಿ ಬರಲಿಲ್ಲ.

ಎತ್ತರಕ್ಕೆ ಹೋದಂತೆ ಹೆಲಿಕಾಪ್ಟರಿಗೆ ಎರಡು ಕಷ್ಟಗಳು ಒಟ್ಟಿಗೇ ಎದುರಾಗುತ್ತವೆ. ಗಾಳಿ ತೆಳುವಾಗುವುದರಿಂದ ತಿರುಗುವ ರೆಕ್ಕೆಗಳು ಎತ್ತಬಲ್ಲ ಭಾರ ಕಡಿಮೆಯಾಗುತ್ತದೆ. ಅದೇ ತೆಳು ಗಾಳಿಯನ್ನು ಎಳೆದುಕೊಳ್ಳುವ ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ. ಫ್ರಾನ್ಸಿನ ಸುಡ್ ಏವಿಯೇಷನ್ ಸಂಸ್ಥೆಯ ಅಲುವೆಟ್-3 ಇದಕ್ಕೆ ಕಂಡುಕೊಂಡ ಉಪಾಯ ಸರಳ. ಅದರ ಆರ್ಟೂಸ್ಟ್-3ಬಿ ಟರ್ಬೈನ್ 870 ಅಶ್ವಶಕ್ತಿ ಕೊಡಬಲ್ಲದು, ಆದರೆ ಬಳಕೆಯನ್ನು 570ಕ್ಕೆ ಮಿತಿಗೊಳಿಸಲಾಗಿತ್ತು. ಸಮುದ್ರಮಟ್ಟದಲ್ಲಿ ಕೆಲಸವಿಲ್ಲದೆ ಉಳಿಯುವ ಶಕ್ತಿ ಬೆಟ್ಟದ ಮೇಲೆ ಒದಗಿ ಬರುತ್ತಿತ್ತು. 1959ರಲ್ಲಿ ಮೊದಲು ಹಾರಿದ ಈ ಯಂತ್ರ ಮರುವರ್ಷ ಏಳು ಮಂದಿಯನ್ನು ಹೊತ್ತು 4,810 ಮೀಟರ್ ಎತ್ತರದ ಮೋಂಬ್ಲಾ ಶಿಖರದ ಮೇಲೆ ಇಳಿದು ಮತ್ತೆ ಏರಿತು. ಅದೇ ವರ್ಷದ ನವೆಂಬರಿನಲ್ಲಿ ಹಿಮಾಲಯದಲ್ಲಿ 6,004 ಮೀಟರ್ ಎತ್ತರದಲ್ಲೂ ಇಳಿದು ತೋರಿಸಿತು.

ಅಲುವೆಟ್-3ನ್ನು ಇಲ್ಲಿಯೇ ತಯಾರಿಸುವ ಒಪ್ಪಂದ 1962ರಲ್ಲಿ ಆಯಿತು. ಕೆಲಸ ಬಂದದ್ದು ಬೆಂಗಳೂರಿಗೆ. ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರಲ್ಲಿ ಕಟ್ಟಿದ್ದ ವಿಮಾನ ಕಾರ್ಖಾನೆ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್, ಅಂದರೆ ಎಚ್‌ಎಎಲ್ ಆಯಿತು. ಇಲ್ಲಿ ಜೋಡಿಸಿದ ಮೊದಲ ಹೆಲಿಕಾಪ್ಟರ್ ಮರುವರ್ಷವೇ ಹಾರಿತು. ರಾಣಾ ಪ್ರತಾಪನ ಕುದುರೆಯ ಹೆಸರು ಪಡೆದ ಈ ಚೇತಕ್‌ಗಳು ಮುಂದಿನ ದಶಕಗಳಲ್ಲಿ 300ಕ್ಕೂ ಹೆಚ್ಚು ತಯಾರಾದವು.

ಇದಕ್ಕೂ ಮೊದಲೇ, ಫ್ರಾನ್ಸಿನಿಂದ ತಂದ ಅಲುವೆಟ್‌ಗಳ ಕಾಲದಲ್ಲಿ, ದೊಡ್ಡದೊಂದು ದುರಂತ ನಡೆದಿತ್ತು. 1963ರ ನವೆಂಬರ್ 22ರಂದು ಪೂಂಛ್ ಬಳಿ ಅಲುವೆಟ್ ಒಂದು ತಂತಿಗಳಿಗೆ ತಗುಲಿ ಬಿತ್ತು. ಲೆಫ್ಟಿನೆಂಟ್ ಜನರಲ್‌ಗಳಾದ ದೌಲತ್ ಸಿಂಗ್ ಮತ್ತು ಬಿಕ್ರಮ್ ಸಿಂಗ್, ಏರ್ ವೈಸ್ ಮಾರ್ಷಲ್ ಪಿಂಟೊ ಸೇರಿದಂತೆ ಅದರಲ್ಲಿದ್ದ ಆರೂ ಮಂದಿ ಸತ್ತರು. ಹಿರಿಯ ಸೇನಾಧಿಕಾರಿಗಳು ಒಂದೇ ವಿಮಾನದಲ್ಲಿ ಒಟ್ಟಾಗಿ ಪ್ರಯಾಣಿಸಬಾರದೆಂಬ ಕಟ್ಟುನಿಟ್ಟಿಗೆ ಈ ಘಟನೆಯೇ ಹಿನ್ನೆಲೆ.

1971ರ ಯುದ್ಧದಲ್ಲಿ ಅಲುವೆಟ್ ಮಾಡಿದ ಕೆಲಸ ಬೇರೆಯದೇ ಬಗೆಯದು. ಪಾಕಿಸ್ತಾನಿ ಸೇವೆ ತೊರೆದು ಬಂದ ಬಂಗಾಳಿ ಪೈಲಟ್‌ಗಳಿಗಾಗಿ ಸೆಪ್ಟೆಂಬರಿನಲ್ಲಿ ನಾಗಾಲ್ಯಾಂಡಿನ ದಿಮಾಪುರದಲ್ಲಿ ಕಿಲೊ ಫ್ಲೈಟ್ ಎಂಬ ತಂಡ ರೂಪುಗೊಂಡಿತು. ಭಾರತ ಅವರಿಗೆ ಕೊಟ್ಟದ್ದು ಒಂದು ಡಕೋಟ, ಒಂದು ಆಟರ್ ವಿಮಾನ ಮತ್ತು ಒಂದು ಅಲುವೆಟ್. ಸಾಗಣೆಯ ಈ ಹೆಲಿಕಾಪ್ಟರಿಗೆ ರಾಕೆಟ್ಟುಗಳನ್ನೂ ಮೆಷಿನ್‌ಗನ್ನನ್ನೂ ಕಟ್ಟಲಾಯಿತು. ಡಿಸೆಂಬರ್ 3ರ ರಾತ್ರಿ ಸುಲ್ತಾನ್ ಮಹಮೂದ್ ಮತ್ತು ಬದ್ರುಲ್ ಆಲಂ ಅದನ್ನು ಹಾರಿಸಿಕೊಂಡು ಹೋಗಿ ನಾರಾಯಣಗಂಜ್‌ನ ಗೋದ್‌ನೈಲ್ ತೈಲ ದಾಸ್ತಾನಿಗೆ ಬೆಂಕಿ ಹಚ್ಚಿದರು. ಬಾಂಗ್ಲಾದೇಶದ ವಾಯುಪಡೆ ತನ್ನ ಇತಿಹಾಸವನ್ನು ಈ ಪುಟ್ಟ ತಂಡದಿಂದಲೇ ಎಣಿಸುತ್ತದೆ.

ಹಿಮಾಲಯದ ಕಡೆ ಚೇತಕ್ ಕೂಡ ಸಾಲದೆಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು. ಇನ್ನೂ ಎತ್ತರದಲ್ಲಿ ಕೆಲಸ ಮಾಡುವ ಹೆಲಿಕಾಪ್ಟರ್ ಬೇಕೆಂದು ಕೇಳಿದ್ದು ಭಾರತ. ಹಗುರವಾದ ಅಲುವೆಟ್-2ರ ಒಡಲಿಗೆ ಅಲುವೆಟ್-3ರ ಎಂಜಿನ್ ಮತ್ತು ರೋಟರ್ ಕೂಡಿಸಿ ಫ್ರೆಂಚ್ ಎಂಜಿನಿಯರುಗಳು ಉತ್ತರ ಕೊಟ್ಟರು. ಹೀಗೆ 1969ರಲ್ಲಿ ಹುಟ್ಟಿದ ಲಾಮಾ ಅದೇ ವರ್ಷ ಹಿಮಾಲಯದಲ್ಲಿ 7,500 ಮೀಟರ್ ಎತ್ತರದಲ್ಲಿ ಇಳಿದು ಏರಿತು. ಪ್ರಯೋಗ ಪೈಲಟ್ ಜ್ಯಾನ್ ಬೂಲೆ 1972ರ ಜೂನ್ 21ರಂದು, ಬೇಡದ ಭಾಗಗಳನ್ನೆಲ್ಲ ಕಳಚಿದ ಲಾಮಾ ಒಂದನ್ನು 12,442 ಮೀಟರಿಗೆ ಏರಿಸಿದರು. ಆ ತುದಿಯಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಬೀಳುವ ವೇಗಕ್ಕೆ ಎದುರಾಗಿ ನುಗ್ಗುವ ಗಾಳಿಯಿಂದಲೇ ರೆಕ್ಕೆಗಳನ್ನು ತಿರುಗಿಸಿಕೊಳ್ಳುತ್ತಾ ಅವರು ನೆಲದವರೆಗೂ ಸುರಕ್ಷಿತವಾಗಿ ಇಳಿದರು. ಏರಿದ ದಾಖಲೆಗಿಂತ ಈ ಇಳಿತವೇ ಪೈಲಟ್‌ನ ಕೌಶಲಕ್ಕೆ ದೊಡ್ಡ ಸಾಕ್ಷಿ.

ಅದೇ ಲಾಮಾ ಬೆಂಗಳೂರಿನಲ್ಲಿ ಚೀತಾ ಆಯಿತು. ಅದರ ನಿಜವಾದ ಪರೀಕ್ಷೆ ನಡೆದದ್ದು ಸಿಯಾಚಿನ್ ಹಿಮನದಿಯಲ್ಲಿ. 1984ರ ಏಪ್ರಿಲ್ 13ರಂದು ಆ ಹಿಮನದಿಯನ್ನು ಹಿಡಿಯಲು ಹೊರಟ ಕ್ಯಾಪ್ಟನ್ ಸಂಜಯ್ ಕುಲಕರ್ಣಿಯವರ ತುಕಡಿಯನ್ನು ಬಿಲಾಫೊಂಡ್ ಲಾ ಕಣಿವೆದಾರಿಯ ಬಳಿ ಇಳಿಸಿದ್ದು ಹೆಲಿಕಾಪ್ಟರ್‌ಗಳು. ಹಿಮ ಗಟ್ಟಿಯಾಗಿದೆಯೇ ಎಂದು ತಿಳಿಯಲು ಮೊದಲು ಗೋಧಿಹಿಟ್ಟಿನ ಮೂಟೆಯೊಂದನ್ನು ಕೆಳಕ್ಕೆ ಎಸೆದು, ಆಮೇಲೆ ಯೋಧರು ಧುಮುಕಿದ್ದನ್ನು ಕುಲಕರ್ಣಿ ನೆನೆದಿದ್ದಾರೆ. 1987ರ ಜೂನ್‌ನಲ್ಲಿ ಯೋಧ ಬಾನಾ ಸಿಂಗ್ ಅವರ ತಂಡ ಸುಮಾರು 21,000 ಅಡಿಯ ಪಾಕಿಸ್ತಾನಿ ಠಾಣೆಯನ್ನು ಗೆದ್ದುಕೊಂಡಾಗಲೂ ಅದಕ್ಕೆ ಬೇಕಾದ ಜನರನ್ನು ಹತ್ತಿರದ ನೆಲೆಗೆ ತಲುಪಿಸಿದ್ದು ಒಮ್ಮೆಗೆ ಕೆಲವರಂತೆ ಹೊತ್ತೊಯ್ದ ಹೆಲಿಕಾಪ್ಟರ್‌ಗಳೇ.

ಅಲ್ಲಿನ ಹಾರಾಟದ ಕಟ್ಟಳೆಗಳೆಲ್ಲ ಅನುಭವದಿಂದ ಬಂದವು. ಬಿಸಿಲೇರಿದರೆ ಗಾಳಿ ಇನ್ನಷ್ಟು ತೆಳುವಾಗುವುದರಿಂದ ಬೆಳಗಿನಲ್ಲೇ ಕೆಲಸ ಮುಗಿಸಬೇಕು. ಒಂದಕ್ಕೆ ತೊಂದರೆಯಾದರೆ ಇನ್ನೊಂದು ಇರಲೆಂದು ಜೋಡಿಯಾಗಿ ಹೋಗಬೇಕು. ಠಾಣೆಯಲ್ಲಿ ಇಳಿದಾಗ ಎಂಜಿನ್ ನಿಲ್ಲಿಸುವುದಿಲ್ಲ. ನಿಂತದ್ದು ಮತ್ತೆ ಹೊರಡುತ್ತದೆಂಬ ಭರವಸೆ ಅಲ್ಲಿಲ್ಲ. ತೀರ ಎತ್ತರದ ಠಾಣೆಗಳಿಗೆ ಒಂದು ಸಲಕ್ಕೆ ಸಾಗುವ ಸಾಮಾನು ಅತಿ ಕಡಿಮೆ, ಆದ್ದರಿಂದ ಪೈಲಟ್ ತುಂಬಿಸಿಕೊಳ್ಳುವ ಇಂಧನವನ್ನೂ ಅಳೆದು ತೂಗಿಯೇ ತೀರ್ಮಾನಿಸುತ್ತಾನೆ. ವಾಯುಪಡೆಯ 114ನೇ ಹೆಲಿಕಾಪ್ಟರ್ ಘಟಕ ಮತ್ತು 1986ರಲ್ಲಿ ಪ್ರತ್ಯೇಕ ವಿಭಾಗವಾದ ಭೂಸೇನೆಯ ವಿಮಾನದಳ ಈ ಕೆಲಸವನ್ನು ದಶಕಗಳಿಂದ ಎಡೆಬಿಡದೆ ನಡೆಸಿವೆ. ಫೈಟರ್ ವಿಮಾನಗಳ ಕದನಗಳಿಗೆ ಸಿಕ್ಕಷ್ಟು ಪುಟಗಳು ಈ ಪೈಲಟ್‌ಗಳಿಗೆ ಯುದ್ಧ ಚರಿತ್ರೆಗಳಲ್ಲಿ ಸಿಕ್ಕಿಲ್ಲ. ಗಾಯಾಳುವೊಬ್ಬನನ್ನು ಕೆಳಗಿಳಿಸಲು ಮತ್ತೆ ಮತ್ತೆ ಮೇಲೇರಿದವರ ಅನುಭವಗಳು ಅವರಿರುವಾಗಲೇ ದಾಖಲಾಗುವುದು ಅಗತ್ಯ.

ಒಂದೇ ಎಂಜಿನ್ನಿನ ಈ ಹಳೆಯ ಯಂತ್ರಗಳ ಜಾಗಕ್ಕೆ ಎಚ್‌ಎಎಲ್ ರೂಪಿಸಿದ ಹಗುರ ಬಹೂಪಯೋಗಿ ಹೆಲಿಕಾಪ್ಟರ್ ಬೆಂಗಳೂರಿನಲ್ಲಿ 2016ರಲ್ಲಿ ಹಾರಿತು. 2020ರಲ್ಲಿ ಅದನ್ನು ಸಿಯಾಚಿನ್‌ನ ಮುಂಚೂಣಿ ಹೆಲಿಪ್ಯಾಡ್‌ಗಳಲ್ಲಿ ಇಳಿಸಿ ಪರೀಕ್ಷಿಸಲಾಯಿತು. ಅದರ ತಯಾರಿಕೆಗೆಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕಟ್ಟಿದ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು.