ಸಿದ್ಧರಾಮರ ಕೆರೆ, ಪ್ರಭುದೇವರ ಪ್ರಶ್ನೆ

ಶರಣರೆಲ್ಲರೂ ಸದಾ ಒಮ್ಮತದಿಂದಲೇ ನಡೆದರೆಂದು ಭಾವಿಸುವವರು ಶೂನ್ಯಸಂಪಾದನೆಯನ್ನು ಓದಬೇಕು. ಅದರಲ್ಲಿ ಪ್ರಶ್ನೆಗೊಳಗಾಗದ ಶರಣರೇ ವಿರಳ. ಅಲ್ಲಮಪ್ರಭುದೇವರು ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರನ್ನು ಪ್ರಶ್ನಿಸಿದ ಪ್ರಸಂಗವಂತೂ ಬಹು ತೀಕ್ಷ್ಣವಾದುದು. ಅಲ್ಲಿನ ವಿವಾದ ಲೋಕಹಿತವನ್ನೇ ಕುರಿತದ್ದು.

ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಶ್ರೀಶೈಲದ ಮಲ್ಲಿಕಾರ್ಜುನನನ್ನು ನಂಬಿದ ಸಿದ್ಧರಾಮರು ಅಲ್ಲಿ ಗುಡಿ ಕಟ್ಟಿಸಿ, ಶಿಷ್ಯಸಮೂಹವನ್ನು ಕೂಡಿಸಿಕೊಂಡು ಕೆರೆ ತೋಡಿಸುತ್ತಿದ್ದರು. ಮಳೆ ಕಡಿಮೆಯಾದ ಆ ಬಯಲುಸೀಮೆಯಲ್ಲಿ ಕೆರೆಯೆಂದರೆ ಜೀವ. ಅಲ್ಲಿಗೆ ಬಂದ ಪ್ರಭುದೇವರು ಅವರನ್ನು ಒಡ್ಡನೆಂದು ಕರೆದರು. ಶಿಷ್ಯರು ಕೆರಳಿ ಕಲ್ಲು ಬೀರಿದರೆಂದು ಸಂಪಾದನೆ ಹೇಳುತ್ತದೆ. ಮಣ್ಣು ಹೊರುವ ಕಾಯಕದ ಹೆಸರು ಅವರ ಕಿವಿಗೆ ಬೈಗುಳವಾಗಿ ಕೇಳಿಸಿತು! ಇಂದು ಭೋವಿ ಸಮಾಜದವರು ಅದೇ ಸಿದ್ಧರಾಮರನ್ನು ಕುಲಗುರುವೆಂದು ಪೂಜಿಸುತ್ತಾರೆ. ಒಂದೇ ಕಚೇರಿಯ ಸಹೋದ್ಯೋಗಿಗಳು ರಾಜಕೀಯದ ಮಾತು ಬಂದೊಡನೆ ಮುನಿಸಿಕೊಳ್ಳುವುದೂ ಬಹುಪಾಲು ಈ ಕಲ್ಲಿನ ಹಂತದಲ್ಲಿಯೇ. ಮಾತಿನ ಹಿಂದೆ ಏನಿದೆಯೆಂದು ಕೇಳುವ ವ್ಯವಧಾನ ಅಲ್ಲಿರುವುದಿಲ್ಲ.

ಸಿದ್ಧರಾಮರು ಕೋಪವಿಳಿದು ಕೇಳಿದರು. ಪ್ರಭುದೇವರ ಆಕ್ಷೇಪ ನೀರಿನ ಮೇಲಿರಲಿಲ್ಲ. ‘ನಾನು ಕಟ್ಟಿಸಿದೆ’ ಎಂಬ ಭಾವ ಮೊಳೆತರೆ ಕೆರೆಯೇ ಭವಬಂಧನವಾದೀತೆಂಬುದು ಅವರ ಕಳವಳ. ಸಿದ್ಧರಾಮರಲ್ಲಿದ್ದುದು ಬಾಯಾರಿದ ಜೀವಿಗಳ ಮೇಲಣ ದಯೆ. ಒಬ್ಬರದು ಕರ್ತೃವಿನ ಚಿಂತೆ, ಮತ್ತೊಬ್ಬರದು ಫಲದ ಚಿಂತೆ, ಇವೆರಡಕ್ಕೂ ಹಗೆಯಿಲ್ಲ. ಇಬ್ಬರೂ ಕೂಡಿಯೇ ಕಲ್ಯಾಣಕ್ಕೆ ಬಂದರು.

ಅಲ್ಲಿ ಇಷ್ಟಲಿಂಗದ ಪ್ರಶ್ನೆ ಎದ್ದಿತು. ಅಂತರಂಗದಲ್ಲಿಯೇ ಲಿಂಗವನ್ನು ಅರಿತವನಿಗೆ ಹೊರಗಿನ ಕುರುಹೇಕೆಂಬುದು ಸಿದ್ಧರಾಮರ ವಾದ. ಗುಡಿ ಕಟ್ಟಿಸಿದವರ ಬಾಯಲ್ಲಿ ಈ ಮಾತು ಬಂದುದು ವಿಚಿತ್ರವೆನಿಸಿದರೂ ಅದರ ಬೇರು ಅನುಭವದ ನಿಷ್ಠೆಯಲ್ಲಿತ್ತು. ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರ ನಿಷ್ಠೆ ಸಮುದಾಯದ ಕಡೆಗಿತ್ತು: ಗುಡಿ, ಪೂಜಾರಿಗಳ ಹಂಗಿಲ್ಲದೆ ಎಲ್ಲರ ಅಂಗದ ಮೇಲೂ ಒಂದೇ ಲಿಂಗವಿದ್ದರೆ ಮೇಲು ಕೀಳಿಗೆ ಎಡೆಯೆಲ್ಲಿ? ಕೊನೆಗೆ ಸಿದ್ಧರಾಮರು ಅವರಿಂದಲೇ ದೀಕ್ಷೆ ಪಡೆದರು. ಅವರ ಅನಂತರ ಶೂನ್ಯಪೀಠವನ್ನೂ ಏರಿದರೆಂಬುದು ಸಂಪ್ರದಾಯ.

ಈ ಭಿನ್ನಮತ ಅಲ್ಲಿಗೇ ಮುಗಿಯಲಿಲ್ಲ. 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರ ಮೊದಲ ಸಂಪಾದನೆಯಲ್ಲಿ ದೀಕ್ಷೆಯ ಪ್ರಸಂಗವೇ ಇಲ್ಲ. ಅನಂತರದವರು ಅದನ್ನು ಸೇರಿಸಿದರು. ಅರಿವು ಪೂರ್ಣವಾದವರಿಗೆ ದೀಕ್ಷೆಯೇಕೆಂಬುದು ಒಂದು ನಿಲುವು, ನಿಯಮ ಎಲ್ಲರಿಗೂ ಒಂದೇ ಎಂಬುದು ಇನ್ನೊಂದು. ಗೂಳೂರು ಸಿದ್ಧವೀರಣ್ಣೊಡೆಯರು ದೀಕ್ಷೆಯ ಪ್ರಸಂಗವನ್ನು ವಿಸ್ತಾರವಾಗಿಯೇ ಇರಿಸಿಕೊಂಡರು, ಆದರೆ ಸಿದ್ಧರಾಮರ ಆಕ್ಷೇಪಗಳನ್ನು ಅಳಿಸಲಿಲ್ಲ.